ಕಾರು ಮಾರಿದೆ, ಹೆಸರು ಮಾರಲಿಲ್ಲ

ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್‌ನ ನಮ್ಮ ಆಫೀಸಿನ ಕ್ಯಾಂಟೀನ್ ಕಿಟಕಿಯಿಂದ ನೋಡಿದರೆ ಮಿಠಿ ನದಿಯ ಆಚೆ ಧಾರಾವಿಯ ತಗಡಿನ ಸೂರುಗಳು, ನೀಲಿ ತಾಡಪತ್ರಿಗಳು ಕಾಣುತ್ತವೆ. ಆರು ವರ್ಷದಿಂದ ದಿನಾ ನೋಡುತ್ತಿದ್ದೇನೆ. ಕಾರು ಕೊಳ್ಳಲು ಆ ಕಡೆ ಹೋಗುತ್ತೇನೆ ಎಂದು ಮಾತ್ರ ಅಂದುಕೊಂಡಿರಲಿಲ್ಲ. ಎಷ್ಟೋ ಗಲ್ಲಿಗಳಲ್ಲಿ ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದ ಜಾಗದಲ್ಲಿ ಕಾರಿನ ವ್ಯಾಪಾರವೇ?

ಇದೆ. ತೊಂಬತ್ತು ಅಡಿ ರಸ್ತೆಯ ಒಂದು ಚಹಾದಂಗಡಿಯ ಬೆಂಚು, ಒಂದು ಫೋನು, ಒಂದು ಹಳೆಯ ಡೈರಿ. ನನಗೆ ಕಾರು ಕೊಡಿಸಿದ ಏಜೆಂಟರ ‘ಶೋರೂಮ್’ ಅಷ್ಟೇ. ಕಲಬುರಗಿ ಕಡೆಯಿಂದ ನಲವತ್ತು ವರ್ಷದ ಹಿಂದೆ ಕೂಲಿಗೆ ಬಂದವರು. ಮೊದಲು ಲಾರಿ ಕ್ಲೀನರ್, ಆಮೇಲೆ ಟ್ಯಾಕ್ಸಿ ಡ್ರೈವರ್, ಈಗ ಹಳೇ ಗಾಡಿಗಳ ಮಧ್ಯವರ್ತಿ. ಮೊದಲ ಐದು ನಿಮಿಷ ನಾವು ಹಿಂದಿಯಲ್ಲಿ ಮಾತಾಡಿದೆವು. ನನ್ನ ಫೋನಿಗೆ ಗದಗಿನಿಂದ ಅವ್ವನ ಕರೆ ಬಂತು. ಇಟ್ಟ ಮೇಲೆ ಅವರು, “ನಮ್ ಕಡೇವನ ಇದ್ದೀಯಲ್ಲೋ ತಮ್ಮಾ, ಮೊದಲ ಹೇಳಬಾರದೇನು?” ಎಂದರು. ಅಲ್ಲಿಂದ ಅವರು ನನಗೆ ಕಾಕಾ.

ಕಾಕಾ ಕೇಳಿದ ಮೊದಲ ಪ್ರಶ್ನೆ ಬಜೆಟ್ ಎಷ್ಟು ಎಂದಲ್ಲ. “ಹಿಂದ ಗಾಡಿ ಇತ್ತೇನು? ಮಾರಿದ್ರ, ಹೆಸರು ಬದಲಾಗ್ಯದೇನು?”

ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇತ್ತು. ಅದಕ್ಕೆ ನಾನು ಕೊಟ್ಟ ಬೆಲೆಯೂ ಇತ್ತು. ಹೊರನಾಡಿನಲ್ಲಿ ದುಡಿಯುವ ನಮ್ಮಂಥವರು ಊರು ಬದಲಿಸುವಾಗಲೆಲ್ಲ ಗಾಡಿಯನ್ನು ಅವಸರದಲ್ಲಿ ಮಾರಿ ಬರುತ್ತೇವೆ. ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ಪುಣೆಯ ಆಲ್ಟೊ

2019ರಲ್ಲಿ ಪುಣೆಯ ಕೆಲಸ ಬಿಟ್ಟು ಮುಂಬೈಗೆ ಬರುವಾಗ ನನ್ನ 2012ರ ಆಲ್ಟೊವನ್ನು ಅಲ್ಲಿನ ಒಬ್ಬ ಡೀಲರ್‌ಗೆ 1.45 ಲಕ್ಷ ರೂಪಾಯಿಗೆ ಕೊಟ್ಟೆ. ಹಣ ಅರ್ಧ ಗಂಟೆಯಲ್ಲಿ ಖಾತೆಗೆ ಬಂತು. ಫಾರ್ಮ್ 29, ಫಾರ್ಮ್ 30ಕ್ಕೆ ಸಹಿ ಹಾಕಿಸಿಕೊಂಡರು. ಕೊಳ್ಳುವವರ ಹೆಸರಿನ ಜಾಗ ಖಾಲಿ ಇತ್ತು. “ಗಿರಾಕಿ ಸಿಕ್ಕ ಮೇಲೆ ತುಂಬುತ್ತೇವೆ” ಎಂದರು. ನಾನು ಆರ್‌ಸಿ ಕೊಟ್ಟು, ಎರಡು ಬ್ಯಾಗು ಹಿಡಿದು ರೈಲು ಹತ್ತಿದೆ.

2021ರಲ್ಲಿ ನನ್ನ ಮೊಬೈಲಿಗೆ ಸೊಲ್ಲಾಪುರದಿಂದ ಅತಿವೇಗದ ಇ-ಚಲನ್ ಬಂತು. ಯಾರು ಓಡಿಸಿದರೋ ಅವರೇ ಕಟ್ಟಲಿ ಎಂದು ಸುಮ್ಮನಾದೆ. ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. 2023ರ ಆರಂಭದಲ್ಲಿ ಗದಗಿನ ಮನೆ ವಿಳಾಸಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ನೋಟಿಸ್ ಬಂತು. ನನ್ನ ಹಳೆಯ ಕಾರು ಹಿಂದಿನ ವರ್ಷ ಒಬ್ಬ ಬೈಕ್ ಸವಾರರಿಗೆ ಗುದ್ದಿತ್ತು. ಕಾರು ಅಷ್ಟರಲ್ಲಿ ನಾಲ್ಕನೇ ಕೈಯಲ್ಲಿತ್ತು. ವಿಮೆ 2020ರಲ್ಲೇ ಮುಗಿದು ಹೋಗಿತ್ತು. ಆರ್‌ಸಿಯಲ್ಲಿ ಹೆಸರು ಮಾತ್ರ ನನ್ನದೇ. ಪುಣೆಯ ಡೀಲರ್ ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿತ್ತು.

“ನಾನು ಮಾರಿದ್ದೇನೆ, ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ” ಎಂದು ವಕೀಲರ ಮುಂದೆ ವಾದಿಸಿದೆ. ಅವರು ಸುಪ್ರೀಂ ಕೋರ್ಟಿನ 2018ರ ಫೆಬ್ರವರಿಯ ತೀರ್ಪೊಂದನ್ನು ತೋರಿಸಿದರು. ಅಲ್ಲೂ ಒಂದು ಮಾರುತಿ 800 ಹೆಸರು ಬದಲಾಗದೆ ಕೈಯಿಂದ ಕೈಗೆ ಹೋಗಿತ್ತು. ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ, ಗಾಯಗೊಂಡವರು ಒಬ್ಬೊಬ್ಬ ಖರೀದಿದಾರರನ್ನು ಹುಡುಕಿಕೊಂಡು ಅಲೆಯುವಂತಾಗಬಾರದು ಎಂದು ಕೋರ್ಟ್ ಹೇಳಿತ್ತು. ಓದಿದಾಗ ಸಿಟ್ಟು ಬಂತು.

ಆ ಸಿಟ್ಟು ಇಳಿದದ್ದು ಸೊಲ್ಲಾಪುರದ ಕೋರ್ಟ್ ವರಾಂಡದಲ್ಲಿ. ಗಾಯಗೊಂಡವರು ಅಕ್ಕಲಕೋಟೆ ತಾಲ್ಲೂಕಿನ ರೈತರು. ಕಂಕುಳಲ್ಲಿ ಊರುಗೋಲು. ಜೊತೆಗೆ ಬಂದಿದ್ದ ಹೆಂಡತಿಯ ಹತ್ತಿರ ಕನ್ನಡದಲ್ಲಿ, “ಇವರೇನಾ ಗಾಡಿ ಮಾಲಕರು?” ಎಂದು ಕೇಳಿದರು. ಅವರ ಪಾಲಿಗೆ ನಾನೇ ಮಾಲಕ. ಬೇರೆ ಯಾರನ್ನು ಹುಡುಕಿಕೊಂಡು ಹೋಗಬೇಕಿತ್ತು ಅವರು? 2024ರಲ್ಲಿ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ನನ್ನ ಪಾಲಿಗೆ ಬಂದದ್ದು 1.75 ಲಕ್ಷ, ವಕೀಲರ ಶುಲ್ಕ ಬೇರೆ. ಕಾರು ಮಾರಿದ್ದಕ್ಕಿಂತ ಹೆಚ್ಚು.

ಕಾಕಾ ಪೂರ್ತಿ ಕೇಳಿ, “ಹೋಗ್ಲಿ ಬಿಡು, ಅವರಿಗರ ಮುಟ್ಟಿತಲ್ಲ” ಎಂದರು. ಆಮೇಲೆ ಡೈರಿ ತೆಗೆದರು.

ಹೆಸರು ಯಾಕೆ ಬದಲಾಗುವುದಿಲ್ಲ?

ಇದು ಬರೀ ಸೋಮಾರಿತನ ಎಂದುಕೊಂಡಿದ್ದೆ. ಅಲ್ಲ, ಇದರಲ್ಲಿ ಲೆಕ್ಕಾಚಾರ ಇದೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ‘ಫಸ್ಟ್ ಓನರ್’ ಎಂಬ ಎರಡು ಪದಕ್ಕೆ ಬೆಲೆಯಿದೆ. ಡೀಲರ್ ಕಾರನ್ನು ತನ್ನ ಹೆಸರಿಗೆ ಮಾಡಿಕೊಂಡರೆ ಮುಂದಿನ ಗಿರಾಕಿ ಮೂರನೇ ಮಾಲೀಕನಾಗುತ್ತಾನೆ, ಬೆಲೆ ಇಳಿಯುತ್ತದೆ. ವರ್ಗಾವಣೆಗೆ ಎರಡು ಸಲ ಶುಲ್ಕ, ಎರಡು ಸಲ ಓಡಾಟ. ಅದರ ಬದಲು ಖಾಲಿ ಫಾರ್ಮಿಗೆ ಸಹಿ ಹಾಕಿಸಿಕೊಂಡು ಕಾರು ನಿಲ್ಲಿಸಿಕೊಂಡರೆ ಖರ್ಚಿಲ್ಲ. ಅಂದರೆ ಹಳೆಯ ಮಾಲೀಕನ ಹೆಸರೇ ಡೀಲರ್‌ಗೆ ಪುಕ್ಕಟೆ ಗೋದಾಮು. ಅಪಾಯವೆಲ್ಲ ಮಾರಿ ಹೋದವನ ತಲೆಯ ಮೇಲೆ.

ಕೇಂದ್ರ ಸರ್ಕಾರ ಇದಕ್ಕೆ ಒಂದು ಪರಿಹಾರ ತಂದಿದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಹಳೆಯ ವಾಹನಗಳ ಡೀಲರ್ ಆರ್‌ಟಿಒದಿಂದ ಅಧಿಕೃತ ಪ್ರಮಾಣಪತ್ರ ಪಡೆಯಬೇಕು. ಅದರ ಅವಧಿ ಐದು ವರ್ಷ. ಮಾಲೀಕ ಅಂಥ ಡೀಲರ್‌ಗೆ ಕಾರು ಒಪ್ಪಿಸಿದಾಗ ಫಾರ್ಮ್ 29ಸಿ ಮೂಲಕ ಪೋರ್ಟಲ್‌ನಲ್ಲಿ ತಿಳಿಸಿದರೆ, ಅಲ್ಲಿಂದ ಕಾನೂನಿನ ಕಣ್ಣಿಗೆ ಡೀಲರೇ ಮಾಲೀಕ. ಆ ಕಾರನ್ನು ಅವನು ಗಿರಾಕಿಗೆ ತೋರಿಸಲು, ಟ್ರಯಲ್‌ಗೆ, ರಿಪೇರಿ–ಪೇಂಟಿಂಗ್‌ಗೆ, ತಪಾಸಣೆಗೆ ಬಿಟ್ಟರೆ ಬೇರೆ ಕೆಲಸಕ್ಕೆ ರಸ್ತೆಗೆ ಇಳಿಸುವಂತಿಲ್ಲ. ಪ್ರತಿ ಓಡಾಟವನ್ನೂ ದಾಖಲಿಸಬೇಕು. ಇದು ಡೀಲರ್‌ಗಳಿಗೂ ಲಾಭವೇ. ಪೂರ್ತಿ ವರ್ಗಾವಣೆ ಮಾಡಿಸಿಕೊಳ್ಳದೆಯೇ ಕಾರಿನ ಮೇಲೆ ಕಾನೂನಿನ ಹಕ್ಕು ಸಿಗುತ್ತದೆ.

ಹಾಗಾಗಿ ಮಾರುವವರು ಬೆಲೆ ಕೇಳುವ ಮೊದಲು ಕೇಳಬೇಕಾದದ್ದು: ನಿಮ್ಮ ಬಳಿ ಆರ್‌ಟಿಒ ಪ್ರಮಾಣಪತ್ರ ಇದೆಯೇ? 29ಸಿ ತುಂಬಿದ ರಸೀದಿ ಕೊಡುತ್ತೀರಾ? ಎರಡಕ್ಕೂ ಇಲ್ಲ ಎಂದರೆ ಹತ್ತು ಸಾವಿರ ಹೆಚ್ಚು ಕೊಟ್ಟರೂ ಅದು ಒಳ್ಳೆಯ ಬೆಲೆಯಲ್ಲ.

ಕಾಕಾ ಡೀಲರ್ ಅಲ್ಲ, ಕಮಿಷನ್ ಏಜೆಂಟ್. ಮಾರುವವರನ್ನೂ ಕೊಳ್ಳುವವರನ್ನೂ ಎದುರುಬದುರು ಕೂರಿಸಿ, ನೇರ ಹೆಸರು ವರ್ಗಾವಣೆ ಮಾಡಿಸುತ್ತಾರೆ. ಖಾಲಿ ಫಾರ್ಮ್ ಮುಟ್ಟುವುದಿಲ್ಲ. ಯಾಕೆಂದು ಕೇಳಿದರೆ ಅವರು ಕಾರಿನ ಮಾತಾಡಲಿಲ್ಲ, ಮನೆಯ ಮಾತಾಡಿದರು. ಧಾರಾವಿಯ ಪುನರಭಿವೃದ್ಧಿಗಾಗಿ 2024ರ ಮಾರ್ಚ್‌ನಿಂದ ಮನೆ ಮನೆ ಸರ್ವೆ ನಡೆದಿದೆ. 2000ದ ಜನವರಿ 1ಕ್ಕೂ ಮೊದಲಿನಿಂದ ಇರುವ ನೆಲಮಹಡಿಯ ಮನೆಗಳಿಗೆ ಧಾರಾವಿಯಲ್ಲೇ 350 ಚದರ ಅಡಿಯ ಮನೆ ಉಚಿತ ಎಂಬುದು ನಿಯಮ. ಅದನ್ನು ಸಾಬೀತು ಮಾಡಲು ಕಾಗದ ಬೇಕು. “ಮೂವತ್ತು ವರ್ಷ ಒಂದ ಖೋಲ್ಯಾಗ ಇದ್ದವರು ಈಗ ಲೈಟ್ ಬಿಲ್ಲು ಯಾರ ಹೆಸರಲೆ ಅದ ಅಂತ ಹುಡುಕ್ಯಾಡ್ಲಿಕ್ ಹತ್ಯಾರ. ಇಲ್ಲಿ ಮನಿಗೂ ಅಷ್ಟ, ಗಾಡಿಗೂ ಅಷ್ಟ ತಮ್ಮಾ. ಇರೋದು ಬ್ಯಾರೆ, ಹೆಸರು ಇರೋದು ಬ್ಯಾರೆ.”

ಜಿಎಸ್‌ಟಿ ಇಳಿದಾಗ ಏನಾಯಿತು

ನಾನು ಕಾರು ಹುಡುಕುತ್ತಿದ್ದದ್ದು 2025ರ ಅಕ್ಟೋಬರ್, ನವೆಂಬರ್‌ನಲ್ಲಿ. ಹಳೆಯ ಕಾರಿನ ಮಾರುಕಟ್ಟೆ ಅಲ್ಲಾಡಿದ ಸಮಯ ಅದು. ಭಾರತದಲ್ಲಿ ವರ್ಷಕ್ಕೆ ಸುಮಾರು 43 ಲಕ್ಷ ಹೊಸ ಪ್ರಯಾಣಿಕ ವಾಹನಗಳು ಮಾರಾಟವಾದರೆ, ಹಳೆಯವು ಅಂದಾಜು 50 ಲಕ್ಷಕ್ಕೂ ಹೆಚ್ಚು. ಆದರೂ ಹಳೆಯ ಕಾರಿನ ಬೆಲೆಯನ್ನು ನಿರ್ಧರಿಸುವುದು ಹೊಸ ಕಾರಿನ ಬೆಲೆಯೇ.

2025ರ ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಿ ಜಿಎಸ್‌ಟಿ ಇಳಿಕೆಯ ಸುಳಿವು ಕೊಟ್ಟರು. ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲೆ ಸೆಸ್ ಸೇರಿ ಇದ್ದ ಶೇ 29ರ ತೆರಿಗೆ ಶೇ 18ಕ್ಕೆ ಇಳಿಯಿತು. ತೆರಿಗೆಗೆ ಮುಂಚಿನ ಬೆಲೆ 5 ಲಕ್ಷ ಇರುವ ಕಾರು 6.45 ಲಕ್ಷದಿಂದ 5.90 ಲಕ್ಷಕ್ಕೆ ಬಂತು. ಹೊಸದೇ 55 ಸಾವಿರ ಅಗ್ಗವಾದಾಗ, ಎರಡು ವರ್ಷದ ಹಳೆಯದನ್ನು ಹಿಂದಿನ ಬೆಲೆಗೆ ಯಾರು ಕೊಳ್ಳುತ್ತಾರೆ?

ಪೆಟ್ಟು ಬಿದ್ದದ್ದು ಮಧ್ಯದಲ್ಲಿದ್ದವರಿಗೆ. ಕಾಕಾ ಅಪರೂಪಕ್ಕೆ ಅಳಿಯನ ಜೊತೆ ಸೇರಿ ಸ್ವಂತ ಹಣ ಹಾಕುತ್ತಾರೆ. ಆಗಸ್ಟ್ ಮೊದಲ ವಾರ ಅಳಿಯನ ಹೆಸರಿಗೇ ಎರಡು ಸಣ್ಣ ಕಾರು ಮಾಡಿಸಿದ್ದರು. “ಭಾಷಣ ಆದ ಮರುದಿನದಿಂದ ಒಬ್ಬ ಗಿರಾಕಿ ಬರಲಿಲ್ಲ ನೋಡು. ಎಲ್ಲಾರೂ ‘ತಡಿ, ಇಳಿತದ’ ಅನ್ನವರ. ದೀಪಾವಳಿಗೆ ಲುಕ್ಸಾನಿನಾಗ ಕೊಟ್ಟು ಕೈ ತೊಳಕೊಂಡೆ.”

ಇನ್ನೊಂದು ತೆರಿಗೆಯ ಬಗ್ಗೆ ಗೊಂದಲ ಈಗಲೂ ಇದೆ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿ ಸಭೆ ಎಲ್ಲ ಬಗೆಯ ಹಳೆಯ ಕಾರುಗಳ ಮೇಲಿನ ತೆರಿಗೆಯನ್ನು ಶೇ 18 ಎಂದು ಒಂದೇ ಮಾಡಿತು. ಆದರೆ ಇದು ಕಾರಿನ ಪೂರ್ತಿ ಬೆಲೆಯ ಮೇಲಲ್ಲ. ನೋಂದಾಯಿತ ವ್ಯಾಪಾರಿಯ ಲಾಭದಂಚಿನ ಮೇಲೆ ಮಾತ್ರ. 3 ಲಕ್ಷಕ್ಕೆ ಕೊಂಡು 3.40 ಲಕ್ಷಕ್ಕೆ ಮಾರಿದರೆ 40 ಸಾವಿರದ ಮೇಲೆ 7,200 ರೂಪಾಯಿ. ನಷ್ಟಕ್ಕೆ ಮಾರಿದರೆ ತೆರಿಗೆಯಿಲ್ಲ. ನಾನು ನನ್ನ ಕಾರನ್ನು ನಿಮಗೆ ಮಾರಿದರೆ ಜಿಎಸ್‌ಟಿ ಇಲ್ಲವೇ ಇಲ್ಲ. ಯಾರಾದರೂ ಪೂರ್ತಿ ಬೆಲೆಯ ಮೇಲೆ ಶೇ 18 ಸೇರಿಸಿ ಕೇಳಿದರೆ ಬಿಲ್ ಕೇಳಿ.

ನನ್ನ ಎಕ್ಸೆಲ್, ಕಾಕಾನ ಕಣ್ಣು

ಎಂಟೆಕ್ ಮಾಡಿದವನ ಚಟ. ಮುಂಬೈನ 140 ಜಾಹೀರಾತು ಕಲೆಹಾಕಿ, ವರ್ಷ, ಕಿಲೋಮೀಟರ್, ಇಂಧನ, ಮಾಲೀಕರ ಸಂಖ್ಯೆ ಎಲ್ಲ ಹಾಕಿ ಒಂದು ಲೆಕ್ಕದ ಹಾಳೆ ಮಾಡಿದ್ದೆ. ಕಾಕಾ ತೋರಿಸಿದ 2019ರ ಸಿಎನ್‌ಜಿ ವ್ಯಾಗನ್ ಆರ್‌ಗೆ ನನ್ನ ಹಾಳೆ ಹೇಳಿದ್ದು 3.90 ಲಕ್ಷ. ಮಾಲೀಕರು ಧಾರಾವಿಯಲ್ಲೇ ಚರ್ಮದ ಬ್ಯಾಗಿನ ಕಾರ್ಖಾನೆ ನಡೆಸುವ ತಮಿಳರು. ಅವರು ಹೇಳಿದ್ದು 4.10.

ಕಾಕಾ ಕಾರನ್ನು ಎರಡು ಸುತ್ತು ಹಾಕಿದರು. ಟೈರಿನ ಪಕ್ಕ ನಾಲ್ಕು ಅಂಕಿ ತೋರಿಸಿದರು. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 19 ಅಂದರೆ ಆರು ವರ್ಷದ ಟೈರು, ನಾಲ್ಕೂ ಬದಲಿಸಬೇಕು. ಸಿಎನ್‌ಜಿ ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು, ಅವಧಿ ಮುಗಿದಿತ್ತು. ವಿಮೆಯ ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಬರುವುದಿಲ್ಲ, ಅದು ಮಾಲೀಕನ ಜೊತೆ ಹೋಗುತ್ತದೆ. ಹಾಗಾಗಿ ನನಗೆ ಪ್ರೀಮಿಯಂ ಹೆಚ್ಚು. ಈ ಮೂರೂ ನನ್ನ 140 ಜಾಹೀರಾತುಗಳಲ್ಲಿ ಎಲ್ಲೂ ಇರಲಿಲ್ಲ.

ಆಮೇಲೆ ನೀರಿನ ಪರೀಕ್ಷೆ. ಮುಂಬೈ ಕಾರು ಕೊಳ್ಳುವವರು ಇದನ್ನು ಬಿಡಬಾರದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಸುರಿದು ಮಿಠಿ ಉಕ್ಕಿದಾಗ ಮುಳುಗಿದ ಕಾರುಗಳಿಗೆ ಲೆಕ್ಕವಿರಲಿಲ್ಲ. ಅಂಥ ಮಳೆ ಅಪರೂಪ. ಆದರೆ ತಗ್ಗಿನ ರಸ್ತೆಗಳಲ್ಲಿ ಪ್ರತಿ ಮಳೆಗಾಲ ನೀರು ನಿಲ್ಲುತ್ತದೆ. ಮುಳುಗಿದ ಕಾರನ್ನು ತೊಳೆದು, ಸೀಟು ಬದಲಿಸಿ, ಸುಗಂಧ ಹೊಡೆದು ಬೇರೆ ಊರಿಗೆ ದಾಟಿಸುವುದು ಹಳೆಯ ದಂಧೆ. ಕಾಕಾ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿದರು. ಒಳಗಿನ ಪಟ್ಟಿಯನ್ನು ಯಾರೂ ತೊಳೆಯುವುದಿಲ್ಲ, ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಗೆ ತುಕ್ಕು, ಫ್ಯೂಸ್ ಬಾಕ್ಸ್‌ನಲ್ಲಿ ಮಣ್ಣು, ಸ್ಟೆಪ್ನಿ ಗುಂಡಿಯಲ್ಲಿ ವಾಸನೆ ಇದೆಯೇ ನೋಡಬೇಕು. ನಮ್ಮದು ಒಣಗಿದ ಕಾರು. ವ್ಯಾಪಾರ 3.65 ಲಕ್ಷಕ್ಕೆ ಕುದುರಿತು.

ಹಣ ಕೊಟ್ಟ ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲು ಫೋನಿನ ಎಂಪರಿವಾಹನ್ ಆ್ಯಪ್‌ನಲ್ಲಿ ಕಾರಿನ ನಂಬರ್ ಹಾಕಿ ಸಾಲ, ವಿಮೆಯ ಅವಧಿ, ಬಾಕಿ ಚಲನ್ ನೋಡಿದೆವು. ಮಾಲೀಕರ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಬ್ಯಾಂಕಿನ ಪತ್ರ, ಫಾರ್ಮ್ 35 ಕೊಟ್ಟು ಅದನ್ನು ತೆಗೆಸುವವರೆಗೆ ಟೋಕನ್ 10 ಸಾವಿರ ಬಿಟ್ಟು ಒಂದು ರೂಪಾಯಿಯೂ ಕೊಡಲಿಲ್ಲ. ಬಳಿಕ 29 ಮತ್ತು 30ರಲ್ಲಿ ಇಬ್ಬರ ಹೆಸರೂ ತುಂಬಿ, ಅರ್ಜಿ ಹಾಕಿ, ರಸೀದಿ ಬಂದ ದಿನ 25 ಸಾವಿರ ಉಳಿಸಿಕೊಂಡು ಉಳಿದದ್ದು ಕೊಟ್ಟೆ. ಆ 25 ಸಾವಿರ ಆರ್‌ಸಿ ಬರುವವರೆಗೆ ಕಾಕಾನ ಕೈಯಲ್ಲಿ. ಕಾರು ಒಪ್ಪಿಸಿದ ದಿನಾಂಕ, ಗಂಟೆ, ನಿಮಿಷ ಬರೆದು ಇಬ್ಬರೂ ಸಹಿ ಹಾಕಿದೆವು. ಅಂದು ಸಂಜೆ 6ಕ್ಕೆ ಮುಂಚಿನ ಚಲನ್ ಅವರದು, ನಂತರದ್ದು ನನ್ನದು.

ಕಾನೂನಿನ ಪ್ರಕಾರ ಮಾರಿದವರು ಒಂದೇ ರಾಜ್ಯದೊಳಗಾದರೆ 14 ದಿನದಲ್ಲಿ, ಬೇರೆ ರಾಜ್ಯಕ್ಕಾದರೆ 45 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರಿಗೆ 30 ದಿನ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಕಾರಿಗೇ ಆದ ಹಾನಿಗೆ ಪರಿಹಾರ ಸಿಗುವುದು ಕಷ್ಟ.

ಊರಿಗೆ ಒಯ್ಯುವವರಿಗೆ

“ಮುಂಬೈನಾಗ ಗಾಡಿ ಸೋವಿ, ಒಂದು ನೋಡಲೇ” ಎಂದು ಹುಬ್ಬಳ್ಳಿಯ ಗೆಳೆಯರು ಫೋನು ಮಾಡುತ್ತಾರೆ. ಸೋವಿ ಹೌದೋ ಅಲ್ಲವೋ ತಿಳಿಯುವುದು ಮಹಾರಾಷ್ಟ್ರದ ನಂಬರ್ ಪ್ಲೇಟ್ ತೆಗೆದ ಮೇಲೆ. 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು. ಇಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ತಂದು, ಅಲ್ಲಿ ಮತ್ತೆ ಜೀವಿತಾವಧಿ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ ಹೊಸ ಪೆಟ್ರೋಲ್, ಡೀಸೆಲ್ ಕಾರಿಗೆ ಅದು ಬೆಲೆಗೆ ತಕ್ಕಂತೆ ಶೇ 13ರಿಂದ 18, ಮೇಲೆ ಸೆಸ್. ಹಳೆಯದಕ್ಕೆ ವಯಸ್ಸಿನ ಮೇಲೆ ಇಳಿಯುತ್ತದೆ. ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯಲ್ಲಿ ಬಾಕಿ ಅವಧಿಯದ್ದನ್ನು ಅರ್ಜಿ ಹಾಕಿ ವಾಪಸ್ ಕೇಳಬಹುದು. ಆದರೆ ಅದು ಕೈಗೆ ಬರುವವರೆಗೆ ಎರಡೂ ಕಡೆಯ ಭಾರ ನಿಮ್ಮದೇ. ಕಾರಿನ ಬೆಲೆಗೆ ಈ ತೆರಿಗೆ, ಓಡಾಟ, ರಜೆ ಎಲ್ಲ ಸೇರಿಸಿ ಹುಬ್ಬಳ್ಳಿಯಲ್ಲೇ ಸಿಗುವ ಕೆಎ ನಂಬರಿನ ಕಾರಿನ ಜೊತೆ ತೂಗಿ ನೋಡಿ.

ನಾಲ್ಕೈದು ವರ್ಷಕ್ಕೊಮ್ಮೆ ರಾಜ್ಯ ಬದಲಿಸುವ ಉದ್ಯೋಗದಲ್ಲಿದ್ದರೆ 2021ರ ಸೆಪ್ಟೆಂಬರ್‌ನಲ್ಲಿ ಶುರುವಾದ ಬಿಎಚ್ ಸರಣಿ ಗಮನಿಸಿ. ಸರ್ಕಾರಿ ನೌಕರರಿಗೆ, ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಗಳ ನೌಕರರಿಗೆ ಅದು ಸಿಗುತ್ತದೆ. ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟಿದರೆ ಸಾಕು.

ನನ್ನ ಹೆಸರಿನ ಆರ್‌ಸಿ ಡಿಸೆಂಬರ್ ಎರಡನೇ ವಾರ ಅಂಚೆಯಲ್ಲಿ ಬಂತು. ಫೋಟೊ ತೆಗೆದು ಬ್ಯಾಗಿನ ಕಾರ್ಖಾನೆಯವರಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಅವರ ಫೋನು ಬಂತು. ಉಳಿದ 25 ಸಾವಿರ ಕೇಳಲು ಎಂದುಕೊಂಡೆ. ಅವರು, “ನಿಮ್ಮ ಸೊಲ್ಲಾಪುರದ ಕಥೆ ಕಾಕಾ ಹೇಳಿದ್ದರು. ಅವತ್ತಿನಿಂದ ನಾನೂ ಈ ಆರ್‌ಸಿಗೇ ಕಾಯುತ್ತಿದ್ದೆ” ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ಹಣ ಕಾಕಾ ಅಂದೇ ಸಂಜೆ ಮುಟ್ಟಿಸಿದರು.

ಇದನ್ನು ಓದಿದವರು ಒಂದು ಕೆಲಸ ಮಾಡಿ. ಬೆಂಗಳೂರಿನಲ್ಲೋ ಪುಣೆಯಲ್ಲೋ ಹೈದರಾಬಾದಿನಲ್ಲೋ ನೀವು ಮಾರಿ ಬಂದ ಕಾರು ಅಥವಾ ಬೈಕಿನ ನಂಬರ್ ನೆನಪಿದ್ದರೆ ಇವತ್ತು ರಾತ್ರಿ ಎಂಪರಿವಾಹನ್‌ನಲ್ಲಿ ಹಾಕಿ ನೋಡಿ. ಹೆಸರನ್ನು ಅರ್ಧ ಮುಚ್ಚಿ ತೋರಿಸುತ್ತದೆ, ಆದರೆ ನಿಮ್ಮ ಹೆಸರು ನಿಮಗೆ ಗೊತ್ತಾಗುತ್ತದೆ. ನಿಮ್ಮದೇ ಇದ್ದರೆ ಮೊದಲು ವಿಮೆ ಜೀವಂತ ಇದೆಯೇ ನೋಡಿ. ಕೊಂಡವರನ್ನು ಹುಡುಕಿ. ಮಾರಾಟದ ದಾಖಲೆಗಳ ಸಮೇತ ಆರ್‌ಟಿಒಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ನಾನು 2021ರ ಆ ಮೊದಲ ಚಲನ್ ಬಂದ ದಿನ ಇಷ್ಟು ಮಾಡಿದ್ದರೆ ಸಾಕಿತ್ತು.